ಒಂದೇ ಹೆಸರಿನವರನ್ನು ನಾಮಸೂಚಿಯಲ್ಲಿ ಬೇರೆ ಮಾಡಿದ ಬಗೆ: ನನ್ನ ಅನುಭವ

ನಾಮಸೂಚಿ, ಅಂದರೆ ಪುಸ್ತಕ ಪತ್ರಿಕೆಗಳಲ್ಲಿ ಬರುವ ವ್ಯಕ್ತಿಗಳ ಹೆಸರಿನ ಪಟ್ಟಿ, ಮಾಡುವ ಎಲ್ಲರೂ ‘ಚಂದ್ರಶೇಖರ’ದ ಹತ್ತಿರ ಬಂದು ಒಮ್ಮೆ ನಿಂತೇ ನಿಂತಿರುತ್ತಾರೆ. ಶ್ವೇತಕುಬ್ಜ ನಕ್ಷತ್ರದ ಚಂದ್ರಶೇಖರ್, ಲೆಗ್‌ಸ್ಪಿನ್ ಚಂದ್ರಶೇಖರ್, ಕಂಬಾರ, ಚಂಪಾ (ಚಂದ್ರಶೇಖರ ಪಾಟೀಲ), ಏಳು ತಿಂಗಳು ಪ್ರಧಾನಿಯಾಗಿದ್ದ ಚಂದ್ರಶೇಖರ್, ಆಜಾದ್, ಒಡಿಶಾದ ಖಗೋಳಜ್ಞ ಸಾಮಂತ ಚಂದ್ರಶೇಖರ. ಇಷ್ಟು ಮಂದಿಯನ್ನು ಬೇರೆ ಮಾಡುವುದು ಕಷ್ಟವಲ್ಲ. ಕ್ಷೇತ್ರ ನೋಡಿದರೆ ಸಾಕು ಅನ್ನಿಸುತ್ತದೆ. ‘ಹೆಸರು, ಇನಿಷಿಯಲ್, ಕ್ಷೇತ್ರ, ಮುಗಿಯಿತು’ ಎಂಬುದೇ ಈ ಕೆಲಸದಲ್ಲಿರುವ ಹೆಚ್ಚಿನವರ ಅಭಿಪ್ರಾಯ. ಕ್ಷೇತ್ರದ ಅಂಕಣವನ್ನೇ ಕಿತ್ತುಹಾಕುತ್ತೇನೆ, ಇಂಗ್ಲಿಷ್ ಇನಿಷಿಯಲ್ಲನ್ನು ಕನ್ನಡ ಅಕ್ಷರಕ್ಕೆ ತರುತ್ತೇನೆ ಎಂದಾಗ ಕೆಲಸ ಮೂರು ಪಟ್ಟು ಆಗುತ್ತದೆ, ಮುಗಿಯುವುದಿಲ್ಲ ಅಂದವರೇ ಬಹಳ. ಮೂರು ಪಟ್ಟು ಆಗಿದ್ದು ನಿಜ. ಆದರೆ ಮುಗಿಯಿತು, ಮುಗಿದ ಮೇಲೆ ತಿದ್ದುಪಡಿಯ ಹಾಳೆ ಹಾಕಬೇಕಾಗಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕ್ಷೇತ್ರ ಏಕೆ ಕೈಕೊಡುತ್ತದೆ ಎಂಬುದು. ‘ಎಸ್. ಚಂದ್ರಶೇಖರ್, ಭೌತವಿಜ್ಞಾನಿ, ರಾಯಲ್ ಸೊಸೈಟಿಯ ಫೆಲೋ, ಸಿ. ವಿ. ರಾಮನ್ ಅವರ ಹತ್ತಿರದ ಸಂಬಂಧಿ’ ಎಂಬ ಚೀಟಿ (ಹೆಸರು ಬಂದ ಒಂದು ಕಡೆಯ ಟಿಪ್ಪಣಿ) ಬಂತು ಅನ್ನಿ. ಯಾರೂ ಎರಡನೇ ಸಲ ಯೋಚಿಸದೆ ಸುಬ್ರಹ್ಮಣ್ಯನ್ ಚಂದ್ರಶೇಖರ್ (1910–1995) ಅವರ ಕಂತೆಗೆ ಸೇರಿಸುತ್ತಾರೆ. 1983ರ ನೊಬೆಲ್, ಶಿಕಾಗೊ, ಶ್ವೇತಕುಬ್ಜ ನಕ್ಷತ್ರದ ತೂಕಕ್ಕೆ ಸೂರ್ಯನ ಸುಮಾರು 1.4 ಪಟ್ಟು ಎಂಬ ಮಿತಿ, ಎಲ್ಲ ಅವರದೇ. ಆದರೆ ಆ ಚೀಟಿಯ ಪ್ರತಿ ಮಾತೂ ಅಷ್ಟೇ ಸರಿಯಾಗಿ ಶಿವರಾಮಕೃಷ್ಣ ಚಂದ್ರಶೇಖರ್ (1930–2004) ಅವರಿಗೂ ಹೊಂದುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿ, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು, 1977ರಲ್ಲಿ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದವರು ಅವರು. ಇಬ್ಬರೂ ಭೌತವಿಜ್ಞಾನಿಗಳು, ಇಬ್ಬರೂ ರಾಯಲ್ ಸೊಸೈಟಿಯ ಫೆಲೋ, ಒಬ್ಬರು ರಾಮನ್ನರ ಅಣ್ಣನ ಮಗ, ಇನ್ನೊಬ್ಬರು ಅಕ್ಕತಂಗಿಯ ಕಡೆಯ ಸೋದರಳಿಯ. ಇಲ್ಲಿ ಕ್ಷೇತ್ರ, ಪ್ರಶಸ್ತಿ, ಬಂಧುತ್ವ ಮೂರೂ ಸೇರಿ ದಾರಿ ತಪ್ಪಿಸುತ್ತವೆ. ಮೂರನೆಯ ಎಸ್. ಚಂದ್ರಶೇಖರ್ ಕೂಡ ಇದ್ದಾರೆ: ಜನಸಂಖ್ಯಾಶಾಸ್ತ್ರಜ್ಞ ಶ್ರೀಪತಿ ಚಂದ್ರಶೇಖರ್ (1918–2001), 1967ರಲ್ಲಿ ಕೇಂದ್ರದ ಆರೋಗ್ಯ ಮಂತ್ರಿಯಾದವರು. ಕುಟುಂಬ ಯೋಜನೆ ಎಂದಿದ್ದರೆ ಸುಲಭ, ಬರೀ ‘ಡಾ. ಎಸ್. ಚಂದ್ರಶೇಖರ್ ಭಾಷಣ’ ಎಂದಿದ್ದರೆ ಮೂವರಲ್ಲಿ ಯಾರು?

ಕ್ರಿಕೆಟ್ಟಿನ ಕಡೆ ಬನ್ನಿ. ಬಿ. ಎಸ್. ಚಂದ್ರಶೇಖರ್ ಎಂದರೆ ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಭಾಗವತ್ ಸುಬ್ರಮಣ್ಯ ಚಂದ್ರಶೇಖರ್. 58 ಟೆಸ್ಟ್, 242 ವಿಕೆಟ್, 1971ರ ಓವಲ್‌ನಲ್ಲಿ 38ಕ್ಕೆ 6. ಇದೇ ಇನಿಷಿಯಲ್ಲಿನ ಭೌತವಿಜ್ಞಾನಿಯೂ ಒಬ್ಬರಿದ್ದಾರೆ. ಅತಿವಾಹಕವು (ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು) ಎಷ್ಟು ಕಾಂತಕ್ಷೇತ್ರ ತಡೆಯಬಲ್ಲದು ಎಂಬ ಲೆಕ್ಕವನ್ನು 1962ರಲ್ಲಿ ಕೊಟ್ಟವರು. ಅದಕ್ಕೆ ಚಂದ್ರಶೇಖರ್–ಕ್ಲಾಗ್‌ಸ್ಟನ್ ಮಿತಿ ಎಂದೇ ಹೆಸರು. ಅಂದರೆ ವಿಜ್ಞಾನದ ಲೇಖನದಲ್ಲಿ ‘ಚಂದ್ರಶೇಖರ್ ಮಿತಿ’ ಎಂದು ಕಂಡರೂ ಅದು ನಕ್ಷತ್ರದ ಮಿತಿಯೇ ಎಂದು ಕಣ್ಣು ಮುಚ್ಚಿ ಬರೆಯುವ ಹಾಗಿಲ್ಲ. ಸುತ್ತಮುತ್ತ ‘ಅತಿವಾಹಕ’, ‘ಕಾಂತ’ ಎಂಬ ಪದಗಳಿವೆಯೇ ನೋಡಲೇಬೇಕು.

ಮೊದಲ ಸುತ್ತು ನಾನು ಕ್ಷೇತ್ರದ ಪ್ರಕಾರವೇ ಮಾಡಿದ್ದೆ. ಸುಮಾರು 1400 ಚೀಟಿ. ಚೀಟಿ, ಡಿಟಿಪಿ (ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವುದು), ಎರಡು ಪ್ರೂಫ್ ಎಲ್ಲ ಸೇರಿ ಹದಿನೆಂಟು ಸಾವಿರ ರೂಪಾಯಿಯ ಹತ್ತಿರ ಹೋಯಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿಗೆ ಬಿದ್ದ ಹಾಗೆ. ಕಾರಣ ಸರಳ: ತಪ್ಪಾಗಿ ಕೂಡಿಸಿದ ಎರಡು ಕಂತೆಗಳನ್ನು ಮತ್ತೆ ಬಿಡಿಸಬೇಕಾದರೆ ಪ್ರತಿ ಚೀಟಿಯ ಮೂಲ ಪುಟಕ್ಕೆ ಹಿಂತಿರುಗಬೇಕು. ಕೂಡಿಸುವುದಕ್ಕೆ ಒಂದು ನಿಮಿಷ, ಬಿಡಿಸುವುದಕ್ಕೆ ಅರ್ಧ ದಿನ. ಈ ಲೆಕ್ಕ ತಲೆಯಲ್ಲಿ ಕೂತ ಮೇಲೆ ವಿಧಾನವೇ ತಿರುಗಿತು. ಮೊದಲು ಎಲ್ಲರನ್ನೂ ಬೇರೆ ಬೇರೆ ಎಂದೇ ಇಟ್ಟುಕೊಳ್ಳುವುದು, ಪುರಾವೆ ಸಿಕ್ಕ ಮೇಲೆ ಮಾತ್ರ ಕೂಡಿಸುವುದು.

ಎರಡನೇ ಸುತ್ತಿನಲ್ಲಿ ಹುಟ್ಟಿದ ವರ್ಷವನ್ನೇ ನಂಬಿದೆ. ಅದೂ ಅರ್ಧಕ್ಕೆ ನಿಂತಿತು. ಪತ್ರಿಕೆಯ ಸುದ್ದಿಯಲ್ಲಿ ಹುಟ್ಟಿದ ವರ್ಷ ಬರುವುದು ಸತ್ತ ದಿನ ಮಾತ್ರ. ಇದ್ದರೂ ಶಾಲೆಗೆ ಸೇರಿಸಿದಾಗ ಬರೆಸಿದ ವರ್ಷ ಒಂದು, ಮನೆಯವರು ಹೇಳುವ ವರ್ಷ ಇನ್ನೊಂದು. ವಿಶ್ವೇಶ್ವರಯ್ಯನವರಂಥವರಿಗೇ ಕೆಲವೆಡೆ 1860, ಕೆಲವೆಡೆ 1861 ಎಂದಿದೆ. ಹುಟ್ಟಿದ ವರ್ಷ ತಲೆಬರಹಕ್ಕೆ ಚೆನ್ನಾಗಿದೆ, ಹೊಂದಿಸಿ ನೋಡುವ ಕೆಲಸಕ್ಕೆ ಸಾಲದು. ಈಗ ಒಂದು ವರ್ಷದ ವ್ಯತ್ಯಾಸವನ್ನು ತಪ್ಪು ಎಂದು ಹಿಡಿಯುವುದಿಲ್ಲ. ಎರಡಕ್ಕಿಂತ ಹೆಚ್ಚಾದರೆ ನಿಲ್ಲಿಸುತ್ತೇನೆ.

ಈಗ ಗೆದ್ದ ವಿಧಾನ.

ಒಂದು ಉಲ್ಲೇಖಕ್ಕೆ ಒಂದು ಚೀಟಿ, ಅಥವಾ ಎಕ್ಸೆಲ್‌ನಲ್ಲಿ ಒಂದು ಸಾಲು. ಒಂದೇ ಲೇಖನದಲ್ಲಿ ಅದೇ ಹೆಸರು ಐದು ಸಲ ಬಂದರೂ ಒಂದೇ ಸಾಲು; ಎರಡು ಲೇಖನದಲ್ಲಿ ಬಂದರೆ ಎರಡು. ಮೊದಲ ಅಂಕಣದಲ್ಲಿ ಹೆಸರನ್ನು ಮೂಲದಲ್ಲಿ ಇದ್ದ ಹಾಗೇ ಇಳಿಸಬೇಕು, ಕಾಗುಣಿತದ ತಪ್ಪು ಸಮೇತ. ಈ ಅಂಕಣವನ್ನು ಕೊನೆಯ ತನಕ ಮುಟ್ಟಬಾರದು. ಎರಡನೆಯದರಲ್ಲಿ ತಿದ್ದಿದ ರೂಪ, ಮೂರನೆಯದರಲ್ಲಿ ಹುಡುಕುವುದಕ್ಕೆ ಬೇಕಾದ ಕೀಲಿ (ಕಾಗುಣಿತದ ವ್ಯತ್ಯಾಸ ತೆಗೆದು ಸರಳ ಮಾಡಿದ ಹೆಸರು), ನಾಲ್ಕನೆಯದರಲ್ಲಿ ಕನ್ನಡ ಅಕ್ಷರದ ಇನಿಷಿಯಲ್. ಆಮೇಲೆ ಊರು, ವರ್ಷ, ಕೆಲಸ, ಎಲ್ಲಿಂದ ತೆಗೆದದ್ದು, ಕೊನೆಗೆ ವ್ಯಕ್ತಿ ಸಂಖ್ಯೆ, ಅಂದರೆ ಒಬ್ಬರ ಎಲ್ಲ ಸಾಲುಗಳಿಗೂ ಕೊಡುವ ಒಂದೇ ಸಂಖ್ಯೆ. ವ್ಯಕ್ತಿ ಸಂಖ್ಯೆ ಮೊದಲಿಗೆ ಖಾಲಿ.

ಕನ್ನಡ ಅಕ್ಷರದ ಇನಿಷಿಯಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಬೇಡವೆಂದದ್ದು ಇದನ್ನೇ. ನಮ್ಮಲ್ಲಿ ‘ಎಸ್.’ ಎಂದು ಬರೆಯುವುದು ಇಂಗ್ಲಿಷ್ ಅಕ್ಷರದ ಉಚ್ಚಾರ. ಆ ಒಂದು ಅಕ್ಷರದಲ್ಲಿ ಶ, ಷ, ಸ ಮೂರೂ ಮುಳುಗಿಹೋಗುತ್ತವೆ, ಜತೆಗೆ ಅವುಗಳ ಕಾಗುಣಿತವೂ. ಅದೇ ತ. ರಾ. ಸು., ದ. ರಾ. ಬೇಂದ್ರೆ, ತೀ. ನಂ. ಶ್ರೀ. ಎಂದು ಬರೆಯುತ್ತಿದ್ದ ಹಳೆಯ ರೂಢಿ ನೋಡಿ. ಅಲ್ಲಿ ‘ತ’ ಬೇರೆ, ‘ತೀ’ ಬೇರೆ. ಇಂಗ್ಲಿಷ್‌ನ ‘ಟಿ’ಗೆ ಆ ಶಕ್ತಿ ಇಲ್ಲ. ಮೇಲಿನ ಮೂವರು ಎಸ್. ಚಂದ್ರಶೇಖರರನ್ನು ಹೀಗೆ ಬರೆದರೆ ಸು. ಚಂದ್ರಶೇಖರ್, ಶಿ. ಚಂದ್ರಶೇಖರ್, ಶ್ರೀ. ಚಂದ್ರಶೇಖರ್ ಆಗುತ್ತಾರೆ. ಒಂದೇ ಏಟಿಗೆ ಮೂವರೂ ಬೇರೆ. ನನ್ನ ಪಟ್ಟಿಯಲ್ಲಿ ಇಂಗ್ಲಿಷ್ ಇನಿಷಿಯಲ್ ಪೂರ್ತಿ ಒಂದೇ ಆಗಿದ್ದ ಜೋಡಿಗಳಲ್ಲಿ ಹತ್ತಕ್ಕೆ ಆರೇಳು ಈ ಒಂದು ಹೆಜ್ಜೆಯಲ್ಲೇ ಬಿಡಿಸಿಕೊಂಡವು. ಇದನ್ನು ಯಾರೂ ಮಾಡದಿರುವುದಕ್ಕೆ ಕಾರಣ ಸೋಮಾರಿತನವಲ್ಲ. ಇನಿಷಿಯಲ್ ಬಿಡಿಸಿ ಪೂರ್ಣ ಹೆಸರು ಹುಡುಕುವುದಕ್ಕೆ ಸಮಯ ಹಿಡಿಯುತ್ತದೆ, ಆ ಸಮಯಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಒಂದು ಹೆಸರಿಗೆ ಸರಾಸರಿ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಪೂರ್ಣ ಹೆಸರು ಬೇಗ ಸಿಗುವ ಜಾಗಗಳು ಎರಡಿವೆ. ಒಂದು, ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿಯ ಹಕ್ಕುಸ್ವಾಮ್ಯದ ಸಾಲು. ಇನ್ನೊಂದನ್ನು ಇಲ್ಲಿ ಹೇಳುವುದಿಲ್ಲ, ವರ್ಷಗಟ್ಟಲೆ ಹುಡುಕಿ ಕಂಡುಕೊಂಡದ್ದು ಅದು.

ಈ ಹೆಜ್ಜೆಯಲ್ಲಿ ಒಂದು ತೊಡಕಿದೆ. ಹಳೆ ಮೈಸೂರಿನ ಕಡೆ ಇನಿಷಿಯಲ್ ಎಂದರೆ ಊರು, ತಂದೆಯ ಹೆಸರು, ಆಮೇಲೆ ಸ್ವಂತ ಹೆಸರು: ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಕುಪ್ಪಳಿ ವೆಂಕಟಪ್ಪಗೌಡ ಪುಟ್ಟಪ್ಪ. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು ಮುಂದೆ, ಮನೆತನದ ಹೆಸರು ಹಿಂದೆ. ಹಾಗಾಗಿ ‘ಬಸವರಾಜ’ ಹೆಸರು ಚಂದ್ರಶೇಖರಕ್ಕಿಂತ ಎಷ್ಟೋ ಹಗುರ. ಗಾಯಕ ಬಸವರಾಜ ರಾಜಗುರು, ಕಾದಂಬರಿಕಾರ ಬಸವರಾಜ ಕಟ್ಟೀಮನಿ, ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ. ಹೆಸರೇ ಅವರನ್ನು ಬೇರೆ ಮಾಡಿಕೊಟ್ಟುಬಿಡುತ್ತದೆ. ಬಸವರಾಜಕ್ಕೆ ಎರಡು ದಿನ ಸಾಕಾಯಿತು. ಆದರೆ ಕನ್ನಡ ಅಕ್ಷರದ ಅಂಕಣ ತುಂಬುವಾಗ ಮನೆತನದ ಹೆಸರನ್ನು ಇನಿಷಿಯಲ್ ಜಾಗಕ್ಕೆ ತುರುಕಬಾರದು, ಅದಕ್ಕೆ ಪ್ರತ್ಯೇಕ ಅಂಕಣ ಬೇಕು. ಇಲ್ಲದಿದ್ದರೆ ‘ಚಂಪಾ’ದ ‘ಪಾ’ ತಂದೆಯ ಹೆಸರು ಎಂದು ಓದಿಸಿಕೊಳ್ಳುತ್ತದೆ, ಅದು ಪಾಟೀಲ.

ಮುಂದಿನದು ಊರು–ವರ್ಷ–ಕೆಲಸದ ಸಾಲು. ವ್ಯಕ್ತಿ ಯಾವ ವರ್ಷ, ಎಲ್ಲಿ, ಏನು ಮಾಡಿದರು ಎಂಬ ಒಂದೇ ಒಂದು ಗಟ್ಟಿ ಸಂಗತಿ. ‘ಸಾಹಿತಿ’ ಎಂದು ಬರೆದರೆ ಪ್ರಯೋಜನವಿಲ್ಲ. ಚಂದ್ರಶೇಖರ ಕಂಬಾರರೂ (ಜನನ 1937) ಚಂದ್ರಶೇಖರ ಪಾಟೀಲರೂ (1939–2022) ಇಬ್ಬರೂ ಕವಿಗಳು, ಇಬ್ಬರೂ ನಾಟಕಕಾರರು, ಇಬ್ಬರೂ ಉತ್ತರ ಕರ್ನಾಟಕದವರು. ‘ಚಂದ್ರಶೇಖರ ಅವರ ನಾಟಕ’ ಎಂಬ ಚೀಟಿಯನ್ನು ಕ್ಷೇತ್ರ ನೋಡಿ ಯಾರ ಕಂತೆಗೆ ಹಾಕುತ್ತೀರಿ? ‘ಹಂಪಿ ಕನ್ನಡ ವಿಶ್ವವಿದ್ಯಾಲಯ, ಮೊದಲ ಕುಲಪತಿ’ ಎಂದು ಬರೆದರೆ ಕಂಬಾರರು, ‘ಸಂಕ್ರಮಣ ಪತ್ರಿಕೆ’ ಎಂದು ಬರೆದರೆ ಚಂಪಾ. ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಊರಿನ ಅಂಕಣದಲ್ಲಿ ನಾನು ಎಡವಿದ್ದು ಸುಬ್ಬಣ್ಣನ ಹೆಸರಲ್ಲಿ. ಹೆಗ್ಗೋಡಿನ ನೀನಾಸಮ್ ಕಟ್ಟಿದ ಕೆ. ವಿ. ಸುಬ್ಬಣ್ಣ (1932–2005) ಶಿವಮೊಗ್ಗ ಜಿಲ್ಲೆಯವರು. ಸುಗಮ ಸಂಗೀತದ ಸುಬ್ಬಣ್ಣ (1938–2022) ಹೆಸರಿನಲ್ಲೇ ಶಿವಮೊಗ್ಗ ಇಟ್ಟುಕೊಂಡವರು. ಊರಿನ ಅಂಕಣದಲ್ಲಿ ‘ಶಿವಮೊಗ್ಗ’ ಎಂದು ಜಿಲ್ಲೆಯನ್ನು ತುಂಬಿದ್ದರಿಂದ ಇಬ್ಬರ ಚೀಟಿಗಳು ಬೆರೆತು, ಸುಮಾರು ಮೂವತ್ತು ಚೀಟಿ ಮತ್ತೆ ನೋಡಬೇಕಾಯಿತು. ಅಲ್ಲಿಂದಾಚೆ ಊರು ಎಂದರೆ ಊರೇ, ತಾಲ್ಲೂಕೂ ಅಲ್ಲ. ಇನ್ನೂ ಒಂದು ಗಂಟು ಇದೆ: ಗಾಯಕ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ ‘ಕಾಡು ಕುದುರೆ’ ಚಿತ್ರದ ನಿರ್ದೇಶಕರು ಕಂಬಾರರು. ಹಾಗಾಗಿ ಆ ಚಿತ್ರದ ಪ್ರತಿ ಚೀಟಿಯೂ ಎರಡು ಕಷ್ಟದ ಹೆಸರುಗಳನ್ನು ಹೊತ್ತು ಬರುತ್ತದೆ, ಎರಡು ಸಾಲು ಮಾಡಲೇಬೇಕು.

ಕೂಡಿಸುವ ನಿಯಮ ಇಷ್ಟೇ. ಕನ್ನಡ ಅಕ್ಷರದ ಇನಿಷಿಯಲ್, ಊರು, ವರ್ಷ ಸಹಿತ ಕೆಲಸ ಈ ಮೂರರಲ್ಲಿ ಎರಡು ಹೊಂದಬೇಕು, ಮೂರನೆಯದು ವಿರೋಧಿಸಬಾರದು. ಆ ಎರಡೂ ಬೇರೆ ಬೇರೆ ಮೂಲದಿಂದ ಬಂದಿರಬೇಕು. ಒಂದೇ ದಿನದ ಎರಡು ಪತ್ರಿಕೆಗಳು ಎರಡು ಮೂಲವಲ್ಲ. ಒಂದೇ ಸುದ್ದಿಸಂಸ್ಥೆಯ ಸುದ್ದಿಯನ್ನು ಎರಡೂ ಹಾಕಿರುತ್ತವೆ, ತಪ್ಪೂ ಎರಡರಲ್ಲೂ ಅದೇ ಇರುತ್ತದೆ. ವಾಕ್ಯಗಳು ಒಂದೇ ಥರ ಇದ್ದರೆ ಒಂದು ಮೂಲ ಎಂದೇ ಎಣಿಸಿ.

ಕನ್ನಡದಲ್ಲಿ ಇರುವ ಒಂದು ತೊಡಕು ಬೇರೆ ಭಾಷೆಯ ಪದ್ಧತಿ ನೋಡಿ ಕೆಲಸ ಮಾಡುವವರಿಗೆ ಕಾಣುವುದೇ ಇಲ್ಲ. ನಮ್ಮ ಗೌರವ ಬಹುವಚನ ಗಂಡು ಹೆಣ್ಣು, ಒಬ್ಬರು ಹಲವರು ಎಲ್ಲವನ್ನೂ ಮುಚ್ಚಿಬಿಡುತ್ತದೆ. ‘ಕಾರಂತರು ನಿರ್ದೇಶಿಸಿದ ಚಿತ್ರ’ ಎಂದರೆ ಬಿ. ವಿ. ಕಾರಂತರೂ ಆಗಬಹುದು, ‘ಫಣಿಯಮ್ಮ’ ಮಾಡಿದ ಪ್ರೇಮಾ ಕಾರಂತರೂ ಆಗಬಹುದು. ‘ಕಾರಂತರ ಚೋಮನ ದುಡಿ’ ಎಂದರಂತೂ ಎರಡೂ ಕಡೆ ಸರಿ: 1933ರ ಕಾದಂಬರಿ ಶಿವರಾಮ ಕಾರಂತರದು, 1975ರ ಚಿತ್ರ ಬಿ. ವಿ. ಕಾರಂತರದು. ಹುಲಿಗಳ ಅಧ್ಯಯನದ ಸುದ್ದಿಯಲ್ಲಿ ಬರುವ ಕಾರಂತರು ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು. ತಂದೆ ಮಗ ಇಬ್ಬರ ಮುಂದೂ ಅದೇ ‘ಕೆ.’. ಇಲ್ಲಿ ಕನ್ನಡ ಅಕ್ಷರಕ್ಕೆ ತಂದರೂ ಉಪಯೋಗವಿಲ್ಲ, ಸ್ವಂತ ಹೆಸರು ಮೂಲದಲ್ಲಿ ಇಲ್ಲದಿದ್ದರೆ ವರ್ಷ ಸಹಿತ ಕೆಲಸ ಒಂದೇ ದಿಕ್ಕು. ‘ಕಾರಂತರು’ ಎಂದು ಮಾತ್ರ ಇದ್ದು ವರ್ಷವೂ ಇಲ್ಲದ ಚೀಟಿಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ. ಬಲವಂತವಾಗಿ ಯಾರಿಗೂ ಅಂಟಿಸಬೇಡಿ.

ಇನ್ನು ಕಂಪ್ಯೂಟರಿನ ಕೆಲಸ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫೈಲುಗಳಿದ್ದರೆ ಮೊದಲು ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ತನ್ನಿ, ತಂದ ಕೂಡಲೇ ಅರ್ಕಾವತ್ತು ಇರುವ ಹೆಸರುಗಳನ್ನೆಲ್ಲ ಕಣ್ಣಲ್ಲೇ ನೋಡಿ. ಕೃಷ್ಣಮೂರ್ತಿ, ಮಲ್ಲಿಕಾರ್ಜುನ, ಚಕ್ರವರ್ತಿ ಇಂಥವುಗಳಲ್ಲಿ ಅರ್ಕಾವತ್ತು ಒಂದಕ್ಷರ ಜರುಗಿ ಕೂತಿರುತ್ತದೆ. ಎರಡನೆಯದು, ‘ಓ’ ಕಾರದ ಚಿಹ್ನೆ. ಅದು ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ‘ಜೋಶಿ’ ಎಂದು ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಕೂಡಿ ಒಂದೇ ಸಂಕೇತವಾದ ರೂಪಕ್ಕೆ, ಎಲ್ಲವನ್ನೂ ತಂದರೆ ಇದು ಸರಿಹೋಗುತ್ತದೆ. ಮೂರನೆಯದು, ಕಾಣದ ಅಕ್ಷರ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ ಅಗಲವೇ ಇಲ್ಲದ ಒಂದು ಸಂಕೇತ ಹಾಕುತ್ತೇವೆ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಕೆಲವರು ‘ರಾಜಕುಮಾರ’ ಎಂದೇ ಬರೆಯುತ್ತಾರೆ. ಆ ಸಂಕೇತವನ್ನು ಕೀಲಿ ಅಂಕಣದಲ್ಲಿ ಮಾತ್ರ ತೆಗೆಯಿರಿ. ತಿದ್ದಿದ ರೂಪದಿಂದಲೂ ತೆಗೆದರೆ ಅಚ್ಚಿನಲ್ಲಿ ಒತ್ತಕ್ಷರವಾಗಿ ‘ರಾಜ್ಕುಮಾರ್’ ಎಂದು ಬರುತ್ತದೆ. ಚುಕ್ಕಿಯ ಪಕ್ಕದ ಜಾಗವನ್ನೂ ಒಂದೇ ಥರ ಮಾಡಿ. ‘ಬಿ.ಎಸ್.’ ಮತ್ತು ‘ಬಿ. ಎಸ್.’ ಎರಡನ್ನೂ ಎಕ್ಸೆಲ್ ಬೇರೆ ಎಂದೇ ಎಣಿಸುತ್ತದೆ.

ಹುಡುಕು ಕೀಲಿಯಲ್ಲಿ ಒಂದಷ್ಟು ಪ್ರಯೋಗ ಮಾಡಿದೆ. ಮಹಾಪ್ರಾಣ ಬಿಟ್ಟು ಅಲ್ಪಪ್ರಾಣ, ಶ ಷ ಎರಡನ್ನೂ ಸ, ಣ ಬದಲು ನ, ಳ ಬದಲು ಲ, ಕೊನೆಯ ಸ್ವರ ಅಥವಾ ಅರ್ಧಾಕ್ಷರ ತೆಗೆದು ಒಂದೇ ಥರ. ಚಂದ್ರಶೇಖರ, ಚಂದ್ರಶೇಖರ್, ಇಂಗ್ಲಿಷ್ ನೋಡಿ ಬರೆದ ಚಂದ್ರಸೇಕರ್ ಎಲ್ಲವೂ ‘ಚಂದ್ರಸೇಕರ’ ಎಂಬ ಕೀಲಿಗೆ ಬಂದವು. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಅಪ್ಪ, ಅಯ್ಯ, ಅಣ್ಣ ಕೂಡ ಕತ್ತರಿಸಿ ನೋಡಿದೆ. ಪುಟ್ಟಪ್ಪ, ಪುಟ್ಟಯ್ಯ, ಪುಟ್ಟಣ್ಣ ಎಲ್ಲ ಬರೀ ‘ಪುಟ್ಟ’ ಆಗಿ ಕುವೆಂಪು, ಪಾಟೀಲ ಪುಟ್ಟಪ್ಪ, ನಿರ್ದೇಶಕ ಪುಟ್ಟಣ್ಣ ಕಣಗಾಲ್ ಮೂವರೂ ಒಂದೇ ರಾಶಿಗೆ ಬಿದ್ದರು. ಅಪ್ಪ ಅಯ್ಯ ಅಣ್ಣಗಳು ಹೆಸರಿನ ಭಾಗ, ಅವನ್ನು ಮುಟ್ಟಬಾರದು. ಹೇಗೇ ಮಾಡಿದರೂ ಕೀಲಿ ಇರುವುದು ಚೀಟಿಗಳನ್ನು ಹತ್ತಿರ ತರುವುದಕ್ಕೆ, ಕೂಡಿಸುವುದಕ್ಕಲ್ಲ. ಕೀಲಿ ಒಂದೇ ಆಗಿದೆ ಎಂದು ವ್ಯಕ್ತಿ ಸಂಖ್ಯೆ ಒಂದೇ ಕೊಟ್ಟವರ ಪಟ್ಟಿಗಳನ್ನು ನೋಡಿದ್ದೇನೆ, ಅವು ಉಪಯೋಗಕ್ಕೆ ಬರುವುದಿಲ್ಲ.

ಪದ ಹುಡುಕಿ ಚೀಟಿ ತೆಗೆಯುವಾಗ ಹೆಸರಿನ ನಡುವಿನ ಭಾಗವೂ ಸಿಕ್ಕಿಬೀಳುತ್ತದೆ. ‘ಗುಂಡಪ್ಪ’ ಎಂದರೆ ಡಿವಿಜಿಯವರ ಜತೆ ಕ್ರಿಕೆಟ್ಟಿನ ಗುಂಡಪ್ಪ ವಿಶ್ವನಾಥ್ ಬರುತ್ತಾರೆ. ಅವರ 91 ಟೆಸ್ಟುಗಳ ವರದಿಗಳೆಲ್ಲ ಬಂದು ಕೂತರೆ ಡಿವಿಜಿಯವರ ಚೀಟಿ ಹುಡುಕುವುದೇ ಕಷ್ಟ. ಸ್ವಂತ ಹೆಸರು ಯಾವುದು ಎಂದು ಗುರುತಿಸಿದ ಸಾಲುಗಳನ್ನು ಮಾತ್ರ ವಿಂಗಡಿಸಿ.

ತಲೆಬರಹಕ್ಕೆ ನಾನು ಇಟ್ಟುಕೊಂಡ ರೂಪ: ಸ್ವಂತ ಹೆಸರು ಮೊದಲು, ಅಲ್ಪವಿರಾಮ, ಕನ್ನಡ ಅಕ್ಷರದ ಇನಿಷಿಯಲ್ ಅಥವಾ ಮನೆತನ, ಆವರಣದಲ್ಲಿ ವರ್ಷ. ‘ಚಂದ್ರಶೇಖರ್, ಶಿ. (1930–2004)’. ಹೀಗೆ ತಿರುಗಿಸದಿದ್ದರೆ ಅಕಾರಾದಿಯಲ್ಲಿ ಎಸ್. ಚಂದ್ರಶೇಖರ್ ‘ಎ’ ಅಕ್ಷರಕ್ಕೂ ಬಿ. ಎಸ್. ಚಂದ್ರಶೇಖರ್ ‘ಬ’ಕ್ಕೂ ಹೋಗಿ ಕೂರುತ್ತಾರೆ. ಕ್ಷೇತ್ರವನ್ನು ತಲೆಬರಹದಲ್ಲಿ ಹಾಕುವುದಿಲ್ಲ. ಓದುಗರಿಗೆ ಬೇಕೆಂದರೆ ಕೆಳಗಿನ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಕೊಡಬಹುದು. ಹೆಸರಾದ ರೂಪಗಳಿಗೆಲ್ಲ ‘ನೋಡಿ’ (ಮುಖ್ಯ ತಲೆಬರಹಕ್ಕೆ ಕಳಿಸುವ ಸಾಲು) ಹಾಕಬೇಕು: ಚಂಪಾ, ಪಾಪು, ಡಿವಿಜಿ, ಮಾಸ್ತಿಯವರ ‘ಶ್ರೀನಿವಾಸ’. ಇಂಗ್ಲಿಷ್ ಇನಿಷಿಯಲ್ಲಿಗೂ ಒಂದು ‘ನೋಡಿ’ ಬೇಕೇ ಬೇಕು, ಏಕೆಂದರೆ ಓದುಗರು ಹುಡುಕುವುದು ‘ಎಸ್. ಚಂದ್ರಶೇಖರ್’ ಎಂದೇ. ಅದರ ಕೆಳಗೆ ಮೂವರನ್ನೂ ಕೊಡಿ. ವಿಕಿಡೇಟಾದ (ಅಂತರ್ಜಾಲದ ಮುಕ್ತ ಮಾಹಿತಿ ಕೋಶ) ಸಂಖ್ಯೆ ಸಿಕ್ಕರೆ ವ್ಯಕ್ತಿ ಸಂಖ್ಯೆಯ ಪಕ್ಕ ಬರೆದಿಡಿ, ಆದರೆ ಅಲ್ಲಿ ಒಂದೇ ಎಂದಿದೆ ಎಂಬ ಕಾರಣಕ್ಕೆ ಮಾತ್ರ ನಿಮ್ಮ ಎರಡು ಕಂತೆ ಕೂಡಿಸಬೇಡಿ.

ಲೆಕ್ಕ ಹೇಳುವುದಾದರೆ, ಚಂದ್ರಶೇಖರ ಒಂದಕ್ಕೇ 230ರ ಆಸುಪಾಸು ಚೀಟಿಗಳು, ಕೊನೆಗೆ ನಿಂತವರು 19 ಮಂದಿ, ಪೆಟ್ಟಿಗೆಯಲ್ಲಿ ಉಳಿದ ಚೀಟಿ ಹನ್ನೊಂದೋ ಹನ್ನೆರಡೋ. ಕ್ಷೇತ್ರದ ಪ್ರಕಾರ ಮಾಡಿದ್ದ ಹಳೆಯ ಪಟ್ಟಿಯಲ್ಲಿ ಅದೇ ಚೀಟಿಗಳಿಂದ ಬರೀ 12 ಮಂದಿ ಕಂಡಿದ್ದರು. ಉಳಿದ ಏಳು ಮಂದಿ ಬೇರೆಯವರ ಹೆಸರಿನಡಿ ಹೂತುಹೋಗಿದ್ದರು. ಎರಡನೇ ಸಲದ ಖರ್ಚು ಹತ್ತು ಸಾವಿರದೊಳಗೇ ಆಯಿತು, ಏಕೆಂದರೆ ಡಿಟಿಪಿಗೆ ಹೋದದ್ದು ಒಂದೇ ಸಲ. ಇನಿಷಿಯಲ್ ಬಿಡಿಸಲು ಹಿಡಿದ ಸಮಯ ಮಾತ್ರ ನಾಲ್ಕು ತಿಂಗಳ ಸಂಜೆಗಳು.

ಪೆಟ್ಟಿಗೆಯಲ್ಲಿ ಉಳಿದ ಚೀಟಿಗಳನ್ನು ಅಚ್ಚಿನಲ್ಲೂ ಕೈಬಿಡಲಿಲ್ಲ. ‘ಚಂದ್ರಶೇಖರ, ಗುರುತು ಸಿಗದವರು’ ಎಂಬ ತಲೆಬರಹದಡಿ ಪುಟಸಂಖ್ಯೆ ಸಮೇತ ಕೊಟ್ಟೆ. ಅಚ್ಚಾಗಿ ಕೆಲವೇ ವಾರಗಳಲ್ಲಿ ಅವುಗಳಲ್ಲಿ ಎರಡಕ್ಕೆ ಊರೂ ವರ್ಷವೂ ಓದುಗರಿಂದಲೇ ಬಂತು. ಒಂದು ಆಗಲೇ ಇದ್ದ ಕಂತೆಗೆ ಸೇರಿತು. ಇನ್ನೊಂದು ಯಾರಿಗೂ ಸೇರಲಿಲ್ಲ. ಅದಕ್ಕೆ 20ನೇ ಸಂಖ್ಯೆ ಕೊಟ್ಟಿದ್ದೇನೆ.